ಕೊನೆಯ ಅಂಕಿ

1,84,46,74,40,73,70,95,51,615. ಈ ಸಂಖ್ಯೆಯನ್ನು ಮುಖ ನೋಡಿ ಗುರುತಿಸುವವರು ಕಡಿಮೆ, ಇದರ ಕಥೆ ಕೇಳದವರು ಇನ್ನೂ ಕಡಿಮೆ. ಚದುರಂಗವನ್ನು ಕಟ್ಟಿಕೊಟ್ಟ ಜಾಣನೊಬ್ಬ ರಾಜನ ಹತ್ತಿರ ಇನಾಮು ಕೇಳುತ್ತಾನೆ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟಾಗುತ್ತ ಅರವತ್ತನಾಲ್ಕೂ ಮನೆಗೆ. ರಾಜ ನಕ್ಕು ಒಪ್ಪಿಕೊಳ್ಳುತ್ತಾನೆ, ಆಮೇಲೆ ಕಣಜ ಬರಿದಾಗುತ್ತದೆ. 13ನೇ ಶತಮಾನದ ಇಬ್ನ್ ಖಲ್ಲಿಕಾನ್ ಆ ಜಾಣನ ಹೆಸರು ಸಿಸ್ಸಾ ಎಂದು ಬರೆದಿದ್ದಾನೆ. ಕೇರಳದ ಅಂಬಲಪ್ಪುಳದಲ್ಲಿ ಅವನು ವೇಷ ಮರೆಸಿ ಬಂದ ಸಾಕ್ಷಾತ್ ಕೃಷ್ಣ. ರಾಜನಿಂದ ತೀರಿಸಲಾಗದ ಆ ಅಕ್ಕಿಯ ಸಾಲವೇ ಇವತ್ತಿಗೂ ದೇವಸ್ಥಾನದಲ್ಲಿ ಪಾಲ್ ಪಾಯಸವಾಗಿ ಭಕ್ತರ ಕೈಗೆ ಬರುತ್ತಿದೆ ಎಂಬುದು ಅಲ್ಲಿನವರ ನಂಬಿಕೆ.

ತರಗತಿಯಲ್ಲಿ ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗೆಲ್ಲ ಲೆಕ್ಕವನ್ನೂ ಮಾಡಿಸುತ್ತೇನೆ. ಒಂದು ಅಕ್ಕಿಕಾಳು ಸುಮಾರು 20 ಮಿಲಿಗ್ರಾಂ ಎಂದಿಟ್ಟುಕೊಂಡರೆ ರಾಜ ಕೊಡಬೇಕಾದದ್ದು ಹತ್ತಿರ ಹತ್ತಿರ 37,000 ಕೋಟಿ ಟನ್. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 50 ಕೋಟಿ ಟನ್. ಅಂದರೆ ಏಳುನೂರು ವರ್ಷದ ಫಸಲು ಬೇಕು, ನಡುವೆ ಯಾರೂ ಒಂದು ಅಗುಳು ತಿನ್ನಬಾರದು. ಮಕ್ಕಳ ಕಣ್ಣು ಅರಳುತ್ತದೆ. ಫ್ರಾನ್ಸಿನ ಎದ್ವಾರ್ ಲ್ಯೂಕಾ 1883ರಲ್ಲಿ ಹೊರತಂದ ಹನೋಯ್ ಗೋಪುರದ ಆಟಕ್ಕೂ ಇದೇ ಸಂಖ್ಯೆ ಬೇಕಾಯಿತು. ಕಾಶಿಯ ಗುಡಿಯೊಂದರಲ್ಲಿ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳನ್ನು ಪೂಜಾರಿಗಳು ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುತ್ತಿದ್ದಾರೆ, ಆ ಕೆಲಸ ಮುಗಿದ ದಿನ ಪ್ರಳಯ ಎಂದು ಆಟದ ಜೊತೆಗೊಂದು ಕಲ್ಪಿತ ಕಥೆ. ಬೇಕಾಗುವ ನಡೆಗಳು ಸರಿಯಾಗಿ ಮೇಲಿನಷ್ಟೇ. ಸೆಕೆಂಡಿಗೊಂದು ನಡೆಯಾದರೂ 58,000 ಕೋಟಿ ವರ್ಷ ಮೀರುತ್ತದೆ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಈ ಕಥೆಗಳೆಲ್ಲ ಬಂದು ನಿಲ್ಲುವುದು ಒಂದೇ ಜಾಗದಲ್ಲಿ, ಅಬ್ಬಾ ಎಂಬಲ್ಲಿ. ನನಗೆ ಈ ಅಬ್ಬಾ ಸಾಲದು ಅನ್ನಿಸತೊಡಗಿ ಬಹಳ ಕಾಲವಾಯಿತು. ಸಂಖ್ಯೆಯ ಕೊನೆಯ ಅಂಕಿ 5 ಆಗಿದ್ದರೂ 6 ಆಗಿದ್ದರೂ ರಾಜನ ಪಾಡು ಅದೇ. ಕೊನೆಯ ಹತ್ತು ಅಂಕಿಗಳನ್ನು ಅಳಿಸಿ ಸೊನ್ನೆ ಬರೆದರೂ ಕಣಜಕ್ಕೆ ವ್ಯತ್ಯಾಸ ತಿಳಿಯದು. ಕಥೆಗೆ ಬೇಕಾಗಿರುವುದು ಗಾತ್ರ ಮಾತ್ರ, ಈ ಸಂಖ್ಯೆಯಲ್ಲ.

ಈ ಮಾತು ನನಗೆ ಖಚಿತವಾದದ್ದು ಅಕ್ಕನ ಮಗಳಿಂದ. ಲ್ಯಾಪ್‌ಟಾಪಿನಲ್ಲಿ ಸ್ಪ್ರೆಡ್‌ಶೀಟ್ ತೆರೆದು ಒಂದರ ಕೆಳಗೊಂದು ಮೂರು ಚೌಕದಲ್ಲಿ ಮೂರು ಲೆಕ್ಕ ಹಾಕಿದ್ದಳು. ಮೊದಲನೆಯದರಲ್ಲಿ 2⁶⁴ − 1, ಅಂದರೆ ನಮ್ಮ ಚದುರಂಗದ ಸಂಖ್ಯೆ. ಎರಡನೆಯದರಲ್ಲಿ ಬರೀ 2⁶⁴. ಮೂರನೆಯದರಲ್ಲಿ 2⁶⁴ + 1. ಅಂಕಿಗಳೆಲ್ಲ ಕಾಣುವಂತೆ ಕಾಲಮ್ಮನ್ನು ಅಗಲ ಮಾಡಿದಾಗ ಮೂರರಲ್ಲೂ 1,84,46,74,40,73,70,96,00,000 ಎಂದೇ ಇತ್ತು.

‘ಮಾಮ, ಮೂರಕ್ಕೂ ಒಂದೇ ಉತ್ತರ ಹೆಂಗೆ ಬರುತ್ತೆ?’

‘ಹದಿನೈದು ಅಂಕಿ ಆದಮೇಲೆ ಅದು ಕೈ ಬಿಡುತ್ತೆ ಪುಟ್ಟಿ.’

‘ಒಂದರಿಂದ ಇನ್ನೊಂದನ್ನ ಕಳೆದೆ. ಸೊನ್ನೆ ಅನ್ನುತ್ತೆ.’

ಆ ಯಂತ್ರದ ಮಟ್ಟಿಗೆ ಮೂರೂ ಒಂದೇ. ದೂರ ನಿಂತು ದೊಡ್ಡದನ್ನು ನೋಡುವ ನಮ್ಮ ಕಣ್ಣಿಗೂ ಒಂದೇ. ಆದರೆ ಈ ಮೂರು ನೆರೆಯವರು ಹುಟ್ಟಾ ಬೇರೆ ಬೇರೆ ಸ್ವಭಾವದವರು. ಅವರ ಸ್ವಭಾವವೆಲ್ಲ ಕುಳಿತಿರುವುದು ಯಂತ್ರ ಸೊನ್ನೆ ಬರೆದು ಮುಚ್ಚಿಬಿಟ್ಟ ಆ ಬಾಲದಲ್ಲಿ. ಅವಳಿಗೆ ಅದನ್ನು ತೋರಿಸಲು ಚೌಕಳಿ ಪುಸ್ತಕ ತೆಗೆಯಬೇಕಾಯಿತು.

ನಡುವಿನ 2⁶⁴ರಲ್ಲಿ ಹೇಳಲು ಹೆಚ್ಚೇನಿಲ್ಲ. ಅರವತ್ತನಾಲ್ಕು ಎರಡುಗಳು, ಇನ್ನೇನೂ ಇಲ್ಲ. ಎರಡರಿಂದ ಭಾಗಿಸುತ್ತ ಹೋದರೆ ಒಂದಕ್ಕೆ ಬಂದು ಮುಗಿಯುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಅಲ್‌ಬಿರೂನಿ ಚದುರಂಗದ ಲೆಕ್ಕ ಮಾಡುವಾಗ ಒಂದೊಂದು ಮನೆಯೂ ದುಪ್ಪಟ್ಟು ಮಾಡುತ್ತ ಕೂರಲಿಲ್ಲ, ವರ್ಗದ ಮೇಲೆ ವರ್ಗ ಮಾಡುತ್ತ ಹೋದ. 2, 4, 16, 256, 65,536, ಆಮೇಲೆ 4,29,49,67,296, ಅದರ ವರ್ಗವೇ 2⁶⁴. ಆರೇ ಹೆಜ್ಜೆ. 16ರಿಂದಾಚೆ ಪ್ರತಿ ವರ್ಗವೂ 6ರಲ್ಲೇ ಕೊನೆಯಾಗುತ್ತದೆ, ಏಕೆಂದರೆ ಆರಾರಲೆ ಮೂವತ್ತಾರು. ಅದರಿಂದ ಒಂದು ಕಳೆದಾಗ ಕೊನೆಗೆ 5 ಬರುವುದೂ, ಇನಾಮಿನ ಸಂಖ್ಯೆ 5ರಿಂದ ಭಾಗವಾಗುವುದೂ ಹಾಗಾಗಿಯೇ.

ಒಂದು ಕಳೆದ ಕೂಡಲೇ ಸಂಖ್ಯೆಯ ಬಾಗಿಲು ತೆರೆದುಕೊಳ್ಳುತ್ತದೆ. 2⁶⁴ ಎಂಬುದು 2³²ರ ವರ್ಗ. ಒಂದೂ ಒಂದರ ವರ್ಗವೇ. ಎರಡು ವರ್ಗಗಳ ವ್ಯತ್ಯಾಸವೆಂದರೆ ಅವುಗಳ ಮೂಲಗಳ ಮೊತ್ತವನ್ನು ಮೂಲಗಳ ವ್ಯತ್ಯಾಸದಿಂದ ಗುಣಿಸಿದಂತೆ ಎಂದು ಹೈಸ್ಕೂಲಿನಲ್ಲಿ ಎಲ್ಲರೂ ಉರು ಹೊಡೆದಿರುತ್ತಾರೆ. ಹಾಗಾಗಿ 2⁶⁴ − 1 ಎಂದರೆ (2³² + 1) × (2³² − 1). ಇದರಲ್ಲಿ ಎರಡನೆಯದು ಮತ್ತೆ ಅದೇ ರೂಪದ್ದು: (2¹⁶ + 1) × (2¹⁶ − 1). ಬಾಳೆದಿಂಡಿನ ಪದರ ಬಿಡಿಸಿದಂತೆ ಆರು ಸಲ ಬಿಡಿಸಿದರೆ ಒಳಗೆ ಉಳಿಯುವುದು 2 − 1, ಅಂದರೆ ಬರೀ ಒಂದು. ಹೊರಗೆ ಬಿದ್ದ ಪದರಗಳನ್ನು ಸಣ್ಣದರಿಂದ ಜೋಡಿಸಿದೆವು:

3 × 5 × 17 × 257 × 65,537 × 4,29,49,67,297.

ಇಪ್ಪತ್ತು ಅಂಕಿಯ ಸಂಖ್ಯೆ ಯಂತ್ರವಿಲ್ಲದೆ, ಒಂದೇ ಒಂದು ಭಾಗಾಕಾರವೂ ಇಲ್ಲದೆ ಆರು ತುಂಡಾಯಿತು. ಈ ಆರಕ್ಕೂ ಗಣಿತದಲ್ಲಿ ಒಂದು ಮನೆತನದ ಹೆಸರಿದೆ, ಫರ್ಮಾ ಸಂಖ್ಯೆಗಳು ಎಂದು. ಚದುರಂಗದ ಹಾಸಿನಲ್ಲಿ ಅಡಗಿದ್ದ ಈ ಸಾಲನ್ನು ತುಲೂಸ್‌ನ ನ್ಯಾಯಾಧೀಶ ಪಿಯೆರ್ ದ ಫರ್ಮಾ ಬೇರೊಂದು ದಾರಿಯಿಂದ ಬಂದು ಕಂಡಿದ್ದ. 3, 5, 17, 257, 65,537 ಐದೂ ಅವಿಭಾಜ್ಯಗಳು; ಒಂದು ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗವು. ಹಾಗಾದರೆ ಮುಂದಿನದೂ, ಅದರ ಮುಂದಿನದೂ, ಈ ಸಾಲಿನ ಎಲ್ಲವೂ ಅವಿಭಾಜ್ಯವೇ ಇರಬೇಕು ಎಂದು 1640ರ ಸುಮಾರಿಗೆ ಗೆಳೆಯರಿಗೆ ಬರೆದ. ಸಾಧನೆ ಕೈಗೆ ಸಿಕ್ಕಿಲ್ಲ ಎಂದೂ ಒಪ್ಪಿಕೊಂಡಿದ್ದ, ಆದರೆ ನಂಬಿಕೆ ಬಿಟ್ಟಿರಲಿಲ್ಲ.

ಆ ನಂಬಿಕೆ ಸುಮಾರು ತೊಂಬತ್ತು ವರ್ಷ ಹಾಗೆಯೇ ಇತ್ತು. 1729ರ ಡಿಸೆಂಬರ್‌ನಲ್ಲಿ ಕ್ರಿಸ್ಟಿಯಾನ್ ಗೋಲ್ಡ್‌ಬಾಖ್ ತನ್ನ ಪತ್ರದಲ್ಲಿ, ಫರ್ಮಾ ಹೀಗೆ ಹೇಳಿದ್ದು ನಿನಗೆ ಗೊತ್ತೇ ಎಂದು ಲಿಯೊನಾರ್ಡ್ ಆಯ್ಲರ್‌ನನ್ನು ಕೇಳಿದ. ಆಯ್ಲರ್‌ಗೆ ಆಗ ಇಪ್ಪತ್ತೆರಡು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. 1732ರಲ್ಲಿ ಅವನ ಉತ್ತರ ಬಂತು: ಆರನೆಯದು, 4,29,49,67,297, ಅವಿಭಾಜ್ಯವಲ್ಲ. ಅದು 641 × 67,00,417.

ಪುಟ್ಟಿ 641 ಅನ್ನು ನಂಬಲು ತಯಾರಿರಲಿಲ್ಲ. ಇಷ್ಟು ದೊಡ್ಡ ಸಂಖ್ಯೆಗೆ ಇಷ್ಟು ಸಣ್ಣದು ಹೆಂಗೆ ಸಿಕ್ಕಿತು ಎಂದಳು. ಅದು ಕತ್ತಲಲ್ಲಿ ತಡಕಿ ಸಿಕ್ಕಿದ್ದಲ್ಲ. ಈ ಸಂಖ್ಯೆಗೆ ಭಾಜಕವಾಗುವ ಅವಿಭಾಜ್ಯ ಯಾವುದೇ ಇದ್ದರೂ ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು ಎಂದು ಆಯ್ಲರ್ ತೋರಿಸಿಕೊಟ್ಟ. ಹಾಗಿರುವ ಅವಿಭಾಜ್ಯಗಳನ್ನು ಸಾಲಾಗಿ ಬರೆದರೆ 193, 257, 449, 577, 641. ಐದನೆಯದಕ್ಕೇ ಸಂಖ್ಯೆ ಒಡೆಯುತ್ತದೆ. ಹನೋಯ್ ಆಟದ ಅದೇ ಲ್ಯೂಕಾ 1878ರಲ್ಲಿ ಈ ಜರಡಿಯನ್ನು ಇನ್ನಷ್ಟು ಬಿಗಿ ಮಾಡಿ 64ರ ಜಾಗಕ್ಕೆ 128 ತಂದ. ಆಗ ಉಳಿಯುವುದು 257 ಮತ್ತು 641. ಎರಡನೆಯ ಪ್ರಯತ್ನಕ್ಕೇ ಉತ್ತರ.

ಭಾಗಾಕಾರವನ್ನೂ ಮಾಡದೆ ಇದನ್ನು ಕಾಣಿಸುವ ಒಂದು ದಾರಿಯಿದೆ. ಕಾಗದದ ಮೇಲೆ ಎರಡು ಸಾಲು ಸಾಕು. 641 ಎಂದರೆ 640 + 1, ಅಂದರೆ 5 × 2⁷ + 1. ಅದೇ 641 ಎಂದರೆ 625 + 16 ಕೂಡ, ಅಂದರೆ 5⁴ + 2⁴. ಈಗ 641ರಿಂದ ಭಾಗಿಸಿ ಶೇಷವನ್ನಷ್ಟೇ ಗಮನಿಸಿ. 5 × 2⁷ಕ್ಕೆ ಒಂದು ಕಡಿಮೆ, ಶೇಷ −1. ಅದನ್ನು ನಾಲ್ಕನೇ ಘಾತಕ್ಕೇರಿಸಿದರೆ 5⁴ × 2²⁸ಕ್ಕೆ ಶೇಷ 1. ಆದರೆ ಎರಡನೇ ಸಾಲಿನ ಪ್ರಕಾರ 5⁴ ಮತ್ತು −2⁴ ಎರಡಕ್ಕೂ ಒಂದೇ ಶೇಷ. ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟರೆ −2³²ಕ್ಕೆ ಶೇಷ 1 ಎಂದಾಯಿತು, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಅಷ್ಟೇ. ಹತ್ತಂಕಿಯ ಸಂಖ್ಯೆ 641ರಿಂದ ಸರಿಯಾಗಿ ಭಾಗವಾಗುತ್ತದೆ ಎಂದು ಆ ಹತ್ತಂಕಿಗಳನ್ನು ಒಮ್ಮೆಯೂ ಬರೆಯದೆ ತಿಳಿಯಿತು. ಗಣಿತದಲ್ಲಿ ನನಗೆ ಅತ್ಯಂತ ಪ್ರೀತಿಯ ಎರಡು ಸಾಲುಗಳು ಇವೇ ಇರಬಹುದು. ಅದೇ ಆಯ್ಲರ್ ಮುಂದೆ, 1759ರಲ್ಲಿ, ಚದುರಂಗದ ಹಾಸಿನ ಎಲ್ಲ ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟುವ ಕುದುರೆಯ ನಡೆಯ ಬಗ್ಗೆಯೂ ಬರೆದ. ಆ ಲೆಕ್ಕಕ್ಕೆ ಮನಸೋತ ಇನ್ನೊಬ್ಬರು ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

ಫರ್ಮಾನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಾಗುವುದಿಲ್ಲ. ಐದು ಸಲ ಕಂಡದ್ದನ್ನು ಆರನೆಯ ಸಲಕ್ಕೂ ನಂಬುವುದು ಬದುಕಿನಲ್ಲಿ ನಾವೆಲ್ಲ ದಿನಾ ಮಾಡುವ ಕೆಲಸ, ಹಾಗೆ ಮಾಡದಿದ್ದರೆ ಮನೆಯಿಂದ ಹೊರಗೆ ಕಾಲಿಡಲಾಗದು. ಆದರೆ ಚದುರಂಗದ ಸಂಖ್ಯೆ ತನ್ನೊಳಗೆ ಅವನ ನಂಬಿಕೆಯನ್ನೂ ಆ ನಂಬಿಕೆ ಮುರಿದ ಜಾಗವನ್ನೂ ಒಟ್ಟಿಗೇ ಇಟ್ಟುಕೊಂಡಿದೆ. ಆರು ಪದರ, ಅದರಲ್ಲಿ ಐದು ಅಖಂಡ, ಆರನೆಯದು ಸೀಳಿದ್ದು. ಒಟ್ಟು ಏಳು ಅವಿಭಾಜ್ಯಗಳು, ಪ್ರತಿಯೊಂದೂ ಒಂದೊಂದು ಸಲ. ಆದ್ದರಿಂದಲೇ ಅದರ ಭಾಜಕಗಳ ಸಂಖ್ಯೆ ಸರಿಯಾಗಿ 128, ಏಳು ಎರಡುಗಳ ಗುಣಲಬ್ಧ.

ಏಳರಲ್ಲಿ ಒಂದೊಂದಕ್ಕೂ ಒಂದೊಂದು ಬಾಳು. 17 ಅನ್ನು 1796ರ ಮಾರ್ಚ್ 30ರಂದು ಇನ್ನೂ ಹತ್ತೊಂಬತ್ತು ತುಂಬದ ಕಾರ್ಲ್ ಫ್ರೀಡ್ರಿಕ್ ಗೌಸ್ ಕೈಗೆತ್ತಿಕೊಂಡ. ಬರೀ ಕೈವಾರ ಮತ್ತು ಗುರುತಿಲ್ಲದ ಪಟ್ಟಿಯಿಂದ 17 ಸಮಬಾಹುಗಳ ಆಕೃತಿ ಬರೆಯಬಹುದು ಎಂದು ಕಂಡುಕೊಂಡ. ಗ್ರೀಕರ ಕಾಲದಿಂದ ಯಾರಿಗೂ ಹೊಳೆಯದಿದ್ದದ್ದು. ಹಾಗೆ ಬರೆಯಬಹುದಾದ ಬೆಸ ಬಾಹುಗಳ ಆಕೃತಿಗಳು ಇಲ್ಲಿಯವರೆಗೆ ಗೊತ್ತಿರುವಷ್ಟೂ ನಮ್ಮ ಸಂಖ್ಯೆಯ ಐದು ಫರ್ಮಾ ಅವಿಭಾಜ್ಯಗಳಿಂದಲೇ ಹುಟ್ಟಿದವು, ಒಟ್ಟು ಮೂವತ್ತೊಂದು. ಎಲ್ಲಕ್ಕಿಂತ ದೊಡ್ಡದಕ್ಕೆ ಐದರ ಗುಣಲಬ್ಧವಾದ 4,29,49,67,295 ಬಾಹುಗಳು. ಯೋಹಾನ್ ಹೆರ್ಮೆಸ್ ಎಂಬ ಜರ್ಮನ್ ವಿದ್ವಾಂಸ 65,537 ಬಾಹುಗಳ ಆಕೃತಿಯ ರಚನೆಗೇ ಸುಮಾರು ಹತ್ತು ವರ್ಷ ಕೊಟ್ಟ, ಅವನ ಹಸ್ತಪ್ರತಿ ಗಾಟಿಂಗನ್‌ನಲ್ಲಿದೆ. ಇದೇ 65,537 ಈಗ ನಮ್ಮ ಜೇಬಿನಲ್ಲಿದೆ. ಇಂಟರ್ನೆಟ್ಟಿನ ಗುಟ್ಟು ಕಾಯುವ ಆರ್‌ಎಸ್‌ಎ ಪದ್ಧತಿಯಲ್ಲಿ ಬಹಿರಂಗ ಕೀಲಿಯ ಘಾತವಾಗಿ ಅತಿ ಹೆಚ್ಚು ಬಳಕೆಯಾಗುವುದು ಅದೇ ಸಂಖ್ಯೆ. ದ್ವಿಮಾನದಲ್ಲಿ ಬರೆದರೆ ಅದರಲ್ಲಿ ಎರಡೇ ಎರಡು ‘1’ ಇರುವುದರಿಂದ ಗುಣಾಕಾರ ಬೇಗ ಮುಗಿಯುತ್ತದೆ.

ಪುಟ್ಟಿಯ ಮೂರನೇ ಚೌಕ ಉಳಿದಿತ್ತು. 1,84,46,74,40,73,70,95,51,617. ಇನಾಮಿನ ಸಂಖ್ಯೆಗೂ ಇದಕ್ಕೂ ಎರಡೇ ಎರಡರ ಅಂತರ. ಎರಡೂ ಬೆಸ. ಎರಡನ್ನೂ ಭಾಗಿಸುವ ಅವಿಭಾಜ್ಯ ಯಾವುದಾದರೂ ಇದ್ದರೆ ಅದು ಅವುಗಳ ಅಂತರವಾದ 2 ಅನ್ನೂ ಭಾಗಿಸಬೇಕು. ಬೆಸ ಸಂಖ್ಯೆಗೆ ಅದು ಸಾಧ್ಯವಿಲ್ಲ. ಹಾಗಾಗಿ ಆ ಏಳು ಅವಿಭಾಜ್ಯಗಳಲ್ಲಿ ಒಂದಕ್ಕೂ ಈ ಮನೆಯಲ್ಲಿ ಪ್ರವೇಶವಿಲ್ಲ. ಇಲ್ಲಿರುವವರೆಲ್ಲ ಹೊಸಬರು. ವರ್ಗಗಳ ವ್ಯತ್ಯಾಸದ ಕೀಲಿಯೂ ಇಲ್ಲಿ ನಡೆಯದು, ಏಕೆಂದರೆ ಇದು ವರ್ಗಗಳ ಮೊತ್ತ. ಎರಡು ಹೆಜ್ಜೆ ಹಿಂದಿನ ಸಂಖ್ಯೆ ಆರು ಗಳಿಗೆಯಲ್ಲಿ ಬಿಚ್ಚಿಕೊಂಡಿತು, ಇದು ಶತಮಾನಗಟ್ಟಲೆ ಬಾಯಿ ಬಿಡಲಿಲ್ಲ. 1855ರ ಆರಂಭದಲ್ಲಿ ಥಾಮಸ್ ಕ್ಲಾಸೆನ್ ಇದರ ಭಾಜಕಗಳನ್ನು ಗೌಸ್‌ಗೆ ಬರೆದು ತಿಳಿಸಿದ್ದ, ಗೌಸ್ ಮರುತಿಂಗಳೇ ತೀರಿಕೊಂಡ. ಪತ್ರದ ಸಂಗತಿ ಜಗತ್ತಿಗೆ ಗೊತ್ತಾಗುವ ಮೊದಲೇ, 1880ರಲ್ಲಿ, ಫ್ರಾನ್ಸಿನ ಫೋರ್ಚುನೆ ಲಾಂದ್ರಿ ತನ್ನ 82ನೇ ವಯಸ್ಸಿನಲ್ಲಿ ಅದನ್ನು ಒಡೆದ: 2,74,177 × 6,72,80,42,13,10,721. ಎರಡೂ ಅವಿಭಾಜ್ಯ. ಎಂಬತ್ತು ದಾಟಿದ ಮನುಷ್ಯ ಯಂತ್ರವಿಲ್ಲದೆ, ಆ ಇಪ್ಪತ್ತು ಅಂಕಿಗಳ ಎದುರು ತಿಂಗಳುಗಟ್ಟಲೆ ಕುಳಿತದ್ದನ್ನು ನೆನೆದಾಗ ನನ್ನ ಮನಸ್ಸು ತುಂಬಿಬರುತ್ತದೆ.

ಮೂರು ಸಂಖ್ಯೆಗಳು. ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಒಂದಕ್ಕೆ ಒಬ್ಬನೇ ಅವಿಭಾಜ್ಯ, ಒಂದಕ್ಕೆ ಏಳು, ಒಂದಕ್ಕೆ ಎರಡು. ಒಂದು ಎಳೆಯ ಮಗುವಿಗೂ ಸುಲಭ, ಒಂದು ಹೈಸ್ಕೂಲು ಹುಡುಗಿಗೆ, ಒಂದು ಮಾತ್ರ ಲಾಂದ್ರಿಯಂಥವನಿಗೆ. ದೊಡ್ಡ ಸಂಖ್ಯೆಗಳೆಲ್ಲ ದೊಡ್ಡತನದಲ್ಲಿ ಒಂದೇ ತರ, ಅವು ಬೇರೆಯಾಗುವುದು ಬಿಡಿ ಸ್ಥಾನದಲ್ಲಿ. ನಾವು ಸುಮಾರು, ಅಂದಾಜು, ಹತ್ತಿರ ಹತ್ತಿರ ಎಂದು ತಳ್ಳಿಹಾಕುವ ಜಾಗದಲ್ಲೇ ಅವುಗಳ ಗುಣ ಇದೆ. ಲಕ್ಷಾಂತರ ಜನ, ಕೋಟ್ಯಂತರ ಜನ ಎಂದು ಮಾತಾಡುವಾಗ ನಾನು ಈಚೆಗೆ ಒಂದು ಕ್ಷಣ ತಡೆಯುತ್ತೇನೆ, ಆ ಮಾತಿನಲ್ಲೂ ಬಾಲದ ಅಂಕಿಗಳು ಉದುರಿಹೋಗಿರುತ್ತವೆ ಎಂದು.

ನಮ್ಮ ಹಳೆಯ ಗಣಿತಜ್ಞರು ಈ ವಿಷಯದಲ್ಲಿ ಬಹಳ ಎಚ್ಚರದವರು. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಮಹಾವೀರಾಚಾರ್ಯ ಬಿಡಿಯಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಆ ಲೆಕ್ಕದಲ್ಲಿ ನಮ್ಮ ಸಂಖ್ಯೆಯ ಮೊದಲ ‘1’ ಇರುವುದು ಮಹಾಶಂಖದ ಸ್ಥಾನದಲ್ಲಿ. ಅಂಕಿಗಳ ಜೋಡಣೆಯೇ ಅವನಿಗೊಂದು ಸಂಭ್ರಮ: 1,52,207 ಅನ್ನು 73ರಿಂದ ಗುಣಿಸಿ ಎಂಟು ಒಂದುಗಳ ಹಾರ ಮಾಡುತ್ತಾನೆ. ಅವನ ಗ್ರಂಥವನ್ನು ತೆಲುಗಿಗೆ ತಂದ ಪಾವುಲೂರಿ ಮಲ್ಲನನ ಹೆಸರಿನಲ್ಲಿ ಚದುರಂಗದ ಸಂಖ್ಯೆಯನ್ನೇ ಹೇಳುವ ಒಂದು ಪದ್ಯ ಪ್ರಸಿದ್ಧವಾಗಿದೆ. ಶಾಸನಗಳಲ್ಲಿ ನಾವು ಕಾಣುವ ಭೂತಸಂಖ್ಯೆಯ ಕ್ರಮ ಅದು. ಬಾಣವೆಂದರೆ ಐದು, ಚಂದ್ರನೆಂದರೆ ಒಂದು, ವೇದವೆಂದರೆ ನಾಲ್ಕು, ಆಕಾಶವೆಂದರೆ ಸೊನ್ನೆ. ಈ ಕ್ರಮದಲ್ಲಿ ಸಂಖ್ಯೆಯನ್ನು ಹೇಳುವುದು ಬಿಡಿ ಸ್ಥಾನದಿಂದ. ಆದ್ದರಿಂದ ಆ ಪದ್ಯ ಶುರುವಾಗುವುದೇ ಕೊನೆಯ 5ರಿಂದ, ಆಮೇಲೆ 1, ಆಮೇಲೆ 6. ಮಹಾಶಂಖದ ‘1’ ಬರುವುದು ಎಲ್ಲ ಮುಗಿದ ಮೇಲೆ. ಛಂದಸ್ಸಿನಲ್ಲಿ ಕಟ್ಟಿದ್ದರಿಂದ ಒಂದು ಅಂಕಿ ಕೈಬಿಟ್ಟರೂ ಪದ್ಯ ಕುಂಟುತ್ತದೆ. ಸ್ಪ್ರೆಡ್‌ಶೀಟ್ ಬಿಟ್ಟುಕೊಟ್ಟದ್ದನ್ನು ಪದ್ಯ ಎಲ್ಲಕ್ಕಿಂತ ಮೊದಲು ಹಿಡಿದುಕೊಂಡಿದೆ.

ಯಂತ್ರಗಳನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. 64 ಬಿಟ್‌ನ ಕಂಪ್ಯೂಟರ್ ಪೂರ್ಣಾಂಕವಾಗಿ ಹಿಡಿದಾಗ ಇದೇ ಸಂಖ್ಯೆ ಅದರ ಒಂದು ಖಾನೆಯ ತುತ್ತತುದಿ. ಅರವತ್ತನಾಲ್ಕು ಬಿಟ್‌ಗಳಲ್ಲೂ ಒಂದು, ಚದುರಂಗದ ಮನೆಗೊಂದರಂತೆ. ಇನ್ನೊಂದು ಕೂಡಿದರೆ ಅಷ್ಟೂ ಸೊನ್ನೆಯಾಗುತ್ತದೆ. ಫರ್ಮಾನ ಸಾಲಿನಲ್ಲಿ ಮುಂದೆ ಹೋದವರಿಗೆ ಯಂತ್ರವೇ ಆಸರೆ. ಐದು ಅವಿಭಾಜ್ಯಗಳ ಆಚೆಗೆ ಆ ಸಾಲಿನಲ್ಲಿ ಆರನೆಯ ಅವಿಭಾಜ್ಯ ಯಾರಿಗೂ ಸಿಕ್ಕಿಲ್ಲ. ಮೊದಲ 3 ಅನ್ನು 0ನೆಯದು ಎಂದು ಎಣಿಸುವ ರೂಢಿಯಲ್ಲಿ 24ನೆಯದಕ್ಕೆ 50 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ. 1999ರಲ್ಲಿ ರಿಚರ್ಡ್ ಕ್ರ್ಯಾಂಡಲ್, ಅರ್ನ್ಸ್ಟ್ ಮೇಯರ್, ಜೇಸನ್ ಪಾಪಡೋಪೌಲಸ್ ಅದನ್ನು ಪರೀಕ್ಷಿಸಿದರು. ಪರೀಕ್ಷೆಯ ವಿಧಾನ 1877ರಲ್ಲಿ ಪೆಪಿನ್ ಎಂಬ ಗಣಿತಜ್ಞ ಕೊಟ್ಟದ್ದು: 3ರಿಂದ ಹೊರಟು ವರ್ಗ ಮಾಡು, ಶೇಷ ಹಿಡಿ, ಮತ್ತೆ ವರ್ಗ ಮಾಡು, ಹೀಗೆ 1,67,77,215 ಸಲ. ಕೊನೆಗೆ ಶೇಷ −1 ಬಂದರೆ ಅವಿಭಾಜ್ಯ, ಬೇರೆ ಏನು ಬಂದರೂ ಅಲ್ಲ. ದಾರಿಯಲ್ಲಿ ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ವ್ಯರ್ಥ, ಮತ್ತು ಅವರು ಬಳಸಿದ ವೇಗದ ಗುಣಾಕಾರವೋ ದಶಮಾಂಶಗಳನ್ನು ಅಂದಾಜಿಗೆ ತರುವಂಥದ್ದು, ಪುಟ್ಟಿಯ ಸ್ಪ್ರೆಡ್‌ಶೀಟಿನ ಜಾತಿಯದೇ. ಆದ್ದರಿಂದ ಅವರು ಲೆಕ್ಕವನ್ನು ಎರಡು ಬೇರೆ ಯಂತ್ರಗಳಲ್ಲಿ ಬೇರೆಬೇರೆಯಾಗಿ ಓಡಿಸಿ ಶೇಷಗಳನ್ನು ಹೋಲಿಸಿದರು. ಸಾಲದೆಂದು, ನಡುನಡುವಿನ ಶೇಷಗಳಿಂದ ಹೊರಟು ಬರೀ ಪೂರ್ಣಾಂಕಗಳಲ್ಲಿ, ಅಂದಾಜಿನ ಸೋಂಕೇ ಇಲ್ಲದಂತೆ ಮೂರನೆಯ ಸಲ ತಾಳೆ ನೋಡಿದರು. ಎಲ್ಲವೂ ಕೂಡಿಬಂದ ಮೇಲೆಯೇ ಆ ಸಂಖ್ಯೆ ಅವಿಭಾಜ್ಯವಲ್ಲ ಎಂದು ಪ್ರಕಟಿಸಿದರು. ಅದು ಒಡೆಯುತ್ತದೆ ಎಂಬುದರಲ್ಲಿ ಅಂದಿನಿಂದ ಸಂಶಯವಿಲ್ಲ. ಅದರ ಒಂದು ಭಾಜಕವೂ ಇನ್ನೂ ಯಾರ ಕೈಗೂ ಬಂದಿಲ್ಲ, ಹುಡುಕುವವರು ಹುಡುಕುತ್ತಲೇ ಇದ್ದಾರೆ.